ಮೂರು ಫೋಟೋಗಳಲ್ಲಿ ಒಂದು

ಅಂಕಲ್ ಸಮುದ್ರಕ್ಕೆ ಹೋದರೆ ಮೂರೇ ಫೋಟೋ ತೆಗೆಯುತ್ತಿದ್ದರು. ಎರಡು ದಿನಕ್ಕೆ ಮೂರು. ಅಷ್ಟರಲ್ಲಿ ನಾನು ಆರುನೂರು ತೆಗೆದು, ಬ್ಯಾಟರಿ ಬದಲಾಯಿಸಿ, ಇನ್ನೂ ಇನ್ನೂರು ತೆಗೆದಿರುತ್ತಿದ್ದೆ. ನನ್ನವುಗಳಲ್ಲಿ ಒಂದೂ ನೆಟ್ಟಗಿರುತ್ತಿರಲಿಲ್ಲ.

ಅವರು ನನ್ನ ಸಂಬಂಧಿಕರೇನಲ್ಲ. ಅಮೆರಿಕದ ವರ್ಜೀನಿಯಾದಲ್ಲಿ, ಸ್ಟರ್ಲಿಂಗ್ ಎಂಬ ಊರಿನಲ್ಲಿ ನಾನಿದ್ದ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಅವರೂ ಆಂಟಿಯೂ ಮಗಳು ಅಳಿಯನ ಜೊತೆ ಇದ್ದರು. ಧಾರವಾಡದ ಕಡೆಯವರು, ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಕಾಲುವೆ, ತೂಬು, ಒಡ್ಡುಗಳ ಫೋಟೋ ತೆಗೆದು ಮೇಲಿನವರಿಗೆ ಕಳಿಸುವ ಕೆಲಸವೂ ಅವರ ತಲೆಗೇ ಬಿದ್ದಿತ್ತಂತೆ. ಒಂದು ರೋಲಿಗೆ ಮೂವತ್ತಾರು, ಅದೂ ಇಲಾಖೆಯ ರೋಲು. ಡಿಜಿಟಲ್ ಕ್ಯಾಮೆರಾ ಕೈಗೆ ಬಂದ ಮೇಲೂ ಆ ಕೈ ಬಿಗಿ ಸಡಿಲವಾಗಲಿಲ್ಲ. "ಒತ್ತೂಕಿಂತ ಮೊದಲ ನೋಡೂದು ಮುಗೀಬೇಕು, ತಮ್ಮಾ" ಎನ್ನುತ್ತಿದ್ದರು.

ನಮಗೆ ಪರಿಚಯವಾದದ್ದು 2020ರ ಬೇಸಿಗೆಯಲ್ಲಿ, ಪಾರ್ಕಿಂಗ್ ಲಾಟಿನಲ್ಲಿ, ಆರಡಿ ದೂರದಿಂದ. ಆ ವರ್ಷವೇ ನನ್ನ ಮದುವೆ ಮುರಿದಿತ್ತು. ಹೆಂಡತಿ ಅಟ್ಲಾಂಟಾಕ್ಕೆ ಹೋದಳು. ಸ್ನೇಹಿತರು ಅನ್ನಿಸಿಕೊಂಡಿದ್ದವರು ಅವಳ ಜೊತೆ ಹೋಗಲಿಲ್ಲ, ನನ್ನ ಜೊತೆ ಉಳಿಯಲೂ ಇಲ್ಲ. ನಮ್ಮವರು ಊಟಕ್ಕೆ ಕರೆಯುವುದು ಜೋಡಿಗಳನ್ನು. ನಲವತ್ತೈದರ ಒಂಟಿ ಗಂಡಸು ಬಂದರೆ ಎಲ್ಲಿ ಕೂರಿಸುವುದು, ಏನು ಕೇಳದೆ ಇರುವುದು ಎಂಬುದೇ ಅವರಿಗೆ ತಲೆನೋವು. ಕೊರೋನಾ ಎಂಬ ಒಳ್ಳೆಯ ನೆಪ ಬೇರೆ ಸಿಕ್ಕಿತ್ತು. ನೆಪ ಮುಗಿದ ಮೇಲೂ ಕರೆ ಬರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು.

ಆಗ ಕೈ ಹಿಡಿದವರು ಅಂಕಲ್. ಮನೆಯಲ್ಲಿ ಕೂತು ಕೊಳೆಯುವುದು ಬೇಡ ಎಂದು ನನ್ನನ್ನು ಹೊರಡಿಸಿದರು. ವರ್ಷಕ್ಕೆ ಮೂರು ಸಲವಾದರೂ ನಾರ್ತ್ ಕ್ಯಾರೊಲೈನಾದ ಔಟರ್ ಬ್ಯಾಂಕ್ಸ್‌ಗೆ ಹೋಗುತ್ತಿದ್ದೆವು. ಸಮುದ್ರದ ನಡುವೆ ಎಳೆದಿಟ್ಟಂಥ ಉದ್ದನೆಯ ಮರಳಿನ ಪಟ್ಟಿ ಅದು. ಡ್ರೈವಿಂಗ್ ನನ್ನದು, ದಾರಿಯುದ್ದಕ್ಕೂ ಮಾತು ಅವರದು. ಆಂಟಿ ಕಟ್ಟಿಕೊಟ್ಟ ಕಟಿ ರೊಟ್ಟಿ, ಶೇಂಗಾ ಚಟ್ನಿ ಹಿಂದಿನ ಸೀಟಿನಲ್ಲಿ. ಅಂಕಲ್ ಚಹಾ ಮುಟ್ಟುತ್ತಿರಲಿಲ್ಲ, ಬರೀ ಬಿಸಿನೀರು. ಆದರೂ ಮೋಟೆಲಿನಲ್ಲಿ ನನಗಿಂತ ಮೊದಲು ಎದ್ದು, ಎಲೆಕ್ಟ್ರಿಕ್ ಕೆಟಲಿನಲ್ಲಿ ಚಹಾ ಮಾಡಿ ಫ್ಲಾಸ್ಕಿಗೆ ತುಂಬಿಡುತ್ತಿದ್ದರು. ಬೆಳಿಗ್ಗೆ ಹೊಟ್ಟೆಗೆ ಚಹಾ ಬೀಳದಿದ್ದರೆ ನನ್ನ ಬಾಯಿಂದ ಒಳ್ಳೆಯ ಮಾತು ಹೊರಡುವುದಿಲ್ಲ ಎಂಬುದು ಮೊದಲ ಪ್ರವಾಸದಲ್ಲೇ ಅವರಿಗೆ ಗೊತ್ತಾಗಿಹೋಗಿತ್ತು.

ಅಲ್ಲಿನ ಗಾಳಿಯಲ್ಲಿ ನಿಂತರೆ ಹಲ್ಲಿನ ಸಂದಿಗೆಲ್ಲ ಮರಳು. ದಿಬ್ಬಗಳ ಮೇಲೆ ಸೊಂಟದೆತ್ತರದ ಹುಲ್ಲು ಒಂದೇ ಕಡೆಗೆ ವಾಲಿಕೊಂಡಿರುತ್ತದೆ. ಅಲೆ ಹಿಂದೆ ಸರಿದರೆ ಅದರ ಬೆನ್ನು ಹತ್ತಿ, ಮುಂದೆ ಬಂದರೆ ತಿರುಗಿ ಓಡಿಬರುವ ಪುಟ್ಟ ಹಕ್ಕಿಗಳಿವೆ. ಅವುಗಳನ್ನು ನೋಡಿದಾಗಲೆಲ್ಲ ಅಂಕಲ್ ನಗುತ್ತಿದ್ದರು. ಬೂಟು ಕಳಚಿ, ಪ್ಯಾಂಟು ಮಡಚಿ, ನೀರಿನಂಚಿನಲ್ಲಿ ಒಂದೊಂದು ಮೈಲಿ ನಡೆಯುತ್ತಿದ್ದರು. ಅವರ ಹಿಂದೆ ಟ್ರೈಪಾಡ್ ಹೊತ್ತು ನಾನು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಎಂದು ಆಗ ತಿಳಿದಿರಲಿಲ್ಲ.

ಮೂರನೆಯ ವರ್ಷದ ನವೆಂಬರಿನಲ್ಲಿ ಆ ಫೋಟೋ ಸಿಕ್ಕಿತು. ಮೀನು ಹಿಡಿಯುವವರಿಗೆಂದು ಸಮುದ್ರದೊಳಕ್ಕೆ ಚಾಚಿ ಕಟ್ಟಿದ್ದ ಮರದ ಸೇತುವೆಯೊಂದು ಬಿರುಗಾಳಿಗೆ ಕೊಚ್ಚಿಹೋಗಿ, ಬರೀ ಕಂಬಗಳು ಉಳಿದಿದ್ದವು. ಹಿಂದಿನ ದಿನ ಬೆಳಿಗ್ಗೆ ಆ ಕಂಬಗಳ ನಡುವೆ ಹೆಜ್ಜಾರ್ಲೆಗಳ ಸಾಲೊಂದು ನೀರಿಗೆ ಹೊಟ್ಟೆ ತಾಗುವಷ್ಟು ಕೆಳಗೆ ಹಾರಿಹೋಗಿತ್ತು. ನಮ್ಮ ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆಗಳ ದಾಯಾದಿಗಳು, ಮೈ ಮಾತ್ರ ಕಂದು. ಅಂಕಲ್ ಆಗ ಕ್ಯಾಮೆರಾ ಎತ್ತಲಿಲ್ಲ. ಸೂರ್ಯ ಎಷ್ಟನೆಯ ಕಂಬಕ್ಕೆ ಬಂದಾಗ ಹಕ್ಕಿಗಳು ಬಂದವು ಎಂದಷ್ಟೇ ನೋಡಿಟ್ಟುಕೊಂಡರು.

ಮರುದಿನ ಅದೇ ಹೊತ್ತಿಗೆ ಹೋಗಿ ಅವರ ಕ್ಯಾಮೆರಾವನ್ನು ಟ್ರೈಪಾಡಿಗೆ ಏರಿಸಿ, ಮರಳಿನ ಮೇಲೆ ಮಂಡಿಯೂರಿ, ಚೌಕಟ್ಟು ಕೂಡಿಸಿದರು. ಎರಡು ಗಂಟೆ ಕಾದೆವು. ಬೆರಳು ಸೆಟೆದುಹೋಗುವ ಚಳಿ. ಹಕ್ಕಿಗಳ ಸುಳಿವಿಲ್ಲ. ನಡುವೆ ಅಂಕಲ್ ಎದ್ದು, ಕಾರಿಗೆ ಹೋಗಿ ಬರುತ್ತೇನೆಂದರು. ರಿಮೋಟನ್ನು ನನ್ನ ಕೈಗಿಟ್ಟು, "ಬಂದ್ರ ಒತ್ತು. ಮತ್ತೇನೂ ಮುಟ್ಟಬ್ಯಾಡ" ಎಂದರು.

ಅವರು ದಿಬ್ಬ ದಾಟಿದ್ದರೋ ಇಲ್ಲವೋ, ಹಕ್ಕಿಗಳು ಬಂದವು. ಏಳು. ನಾನು ಒತ್ತಿದೆ.

ತಿರುಗಿ ಬಂದ ಅಂಕಲ್ ಕ್ಯಾಮೆರಾದ ಪರದೆಯ ಮೇಲೆ ಅದನ್ನು ಬಹಳ ಹೊತ್ತು ನೋಡಿ, "ಬಂತಲ್ಲೋ ತಮ್ಮಾ!" ಎಂದು ನನ್ನ ಬೆನ್ನಿಗೆ ಗುದ್ದಿದರು. "ಮೂರಾದವು. ನಡಿ, ಹೋಗೂಣು."

ಕಂಪ್ಯೂಟರ್ ಕೆಲಸ ಯಾವಾಗಲೂ ನನ್ನದು. ಅವರ ಕಾರ್ಡಿನಿಂದ ಫೋಟೋಗಳನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿ, ಪ್ರಿಂಟ್ ಹಾಕಿಸಿಕೊಡುತ್ತಿದ್ದೆ. ಹಾಗೆ ಆ ಫೋಟೋ ನನ್ನ ಬಳಿ ಇತ್ತು. ಡಿಸೆಂಬರಿನಲ್ಲಿ ಕನ್ನಡ ಸಂಘದವರು ಹೊಸ ವರ್ಷದ ಕ್ಯಾಲೆಂಡರಿಗೆ ಫೋಟೋ ಕೇಳಿದರು. ಏಕಾದಶಿ, ಸಂಕಷ್ಟಿ, ಇಲ್ಲಿನ ರಜಾದಿನ ಎಲ್ಲವೂ ಇರುವ ಆ ಕ್ಯಾಲೆಂಡರ್ ನಮ್ಮವರ ಪ್ರತಿ ಮನೆಯಲ್ಲೂ ಫ್ರಿಡ್ಜಿನ ಪಕ್ಕ ತೂಗುತ್ತದೆ. ಅರ್ಜಿಯಲ್ಲಿ ಫೋಟೋ ತೆಗೆದವರ ಹೆಸರು ಬರೆಯಲು ಒಂದು ಜಾಗವಿತ್ತು. ತಡವರಿಸಲಿಲ್ಲ ಎಂದರೆ ಸುಳ್ಳು. ಎರಡು ದಿನ ತಡವರಿಸಿದೆ. ಒತ್ತಿದವನು ನಾನೇ ತಾನೆ ಎಂದುಕೊಂಡೆ. ಆಮೇಲೆ ನನ್ನ ಹೆಸರು ಬರೆದೆ.

ಸಂಕ್ರಾಂತಿಯ ಕಾರ್ಯಕ್ರಮದಲ್ಲಿ ಕ್ಯಾಲೆಂಡರ್ ಬಿಡುಗಡೆ. ಆಗಸ್ಟ್ ತಿಂಗಳ ಫೋಟೋ ಎಲ್ಲಕ್ಕಿಂತ ಚೆನ್ನಾಗಿದೆಯೆಂದು ನನ್ನನ್ನು ವೇದಿಕೆಗೆ ಕರೆದು ಕೈಗೆ ಮೈಕು ಕೊಟ್ಟರು. ಮೂರು ವರ್ಷ ನನ್ನ ಮುಖ ನೋಡದವರೆಲ್ಲ ಮುಖ ಎತ್ತಿ ಕೂತಿದ್ದರು. ನನಗೆ ತಲೆ ತಿರುಗಿತು. ಹೇಗೆ ತೆಗೆದಿರಿ ಎಂದು ಕೇಳಿದಾಗ, "ಎರಡು ಗಂಟೆ, ಆ ಚಳೀಲಿ, ಬೀಚಲ್ಲಿ ಒಬ್ನೇ ಕೂತ್ಕೊಂಡು ವೇಟ್ ಮಾಡ್ದೆ" ಎಂದೆ. ಚಪ್ಪಾಳೆ ಬಿತ್ತು.

ನಾಲ್ಕನೆಯ ಸಾಲಿನಲ್ಲಿ ಅಂಕಲ್ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಕೂತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಕ್ಯಾಲೆಂಡರನ್ನು ಕೈಗೆತ್ತಿಕೊಂಡು ಆಗಸ್ಟ್ ತನಕ ಹಾಳೆ ತಿರುವಿದರು. ಕನ್ನಡಕ ಹಾಕಿ ಕೆಳಗಿನ ಹೆಸರು ಓದಿದರು. ಕನ್ನಡಕ ತೆಗೆದು, "ಪ್ರಿಂಟ್ ಛಲೋ ಬಂದೈತಿ" ಎಂದರು. ಅಷ್ಟೇ.

ನನಗೆ ಕರೆಗಳು ಬಂದವು, ಅದನ್ನೂ ಹೇಳಬೇಕು. ಹತ್ತಿರದ ಆಲ್ಡಿ ಊರಿನಲ್ಲಿ ನಮ್ಮವರು ಕೊಂಡ ಹೊಸ ಮನೆಗಳಿಗೆಲ್ಲ ಊಟಕ್ಕೆ ಹೋದೆ. ಪರಿಚಯ ಮಾಡಿಕೊಡುವಾಗ ಎಲ್ಲರೂ "ಕ್ಯಾಲೆಂಡರ್ ಫೋಟೋ ತೆಗೆದವ್ರು" ಎನ್ನುತ್ತಿದ್ದರು. ಆದರೆ ಮಾರ್ಚಿನಲ್ಲಿ ಸಮುದ್ರಕ್ಕೆ ಹೋಗೋಣವೆಂದು ಅಂಕಲ್ ಅವರನ್ನು ಕೇಳಿದಾಗ, "ಮೊಣಕಾಲ ಭಾಳ ನೋಯಾಕತ್ತೈತಿ, ತಮ್ಮಾ. ನೀ ಹೋಗಿ ಬಾ" ಎಂದರು. ಏಪ್ರಿಲಿನಲ್ಲೂ ಅದೇ ಮೊಣಕಾಲು. ಮೇ ತಿಂಗಳಲ್ಲಿ ಮಗಳಿಗೆ ನಾರ್ತ್ ಕ್ಯಾರೊಲೈನಾದ ಡರ್ಹಮಿನಲ್ಲಿ ಕೆಲಸವಾಗಿ ಮನೆ ಖಾಲಿ ಮಾಡಿದರು. ಪೆಟ್ಟಿಗೆಗಳನ್ನು ಟ್ರಕ್ಕಿಗೆ ಏರಿಸಿದವನು ನಾನೇ. ಅಂಕಲ್ ಅದೇ ಮೊಣಕಾಲಿನಲ್ಲಿ ಮೂರು ಮಹಡಿ ಹತ್ತಿ ನನ್ನ ಮನೆಗೆ ಬಂದು, ಹೋಗಿಬರುತ್ತೇನೆಂದು ಹೇಳಿ, ಸರಸರ ಇಳಿದು ಹೋದರು. ಹೇಳಬೇಕಾದ ಮಾತನ್ನು ಆಗಲೂ ಹೇಳಲಿಲ್ಲ.

ಕ್ಯಾಲೆಂಡರ್ ಹಳೆಯದಾಯಿತು. ಊಟದ ಕರೆಗಳೂ ನಿಂತವು. ನಾನು ಒಬ್ಬನೇ ಹೋಗತೊಡಗಿದೆ. ಐದು ಗಂಟೆಯ ದಾರಿಯಲ್ಲಿ ರೇಡಿಯೋ ಹಾಕುತ್ತೇನೆ, ಬೇಸರವಾಗಿ ಆರಿಸುತ್ತೇನೆ. ಒಳ್ಳೆಯ ಬೆಳಕು ಬಿದ್ದಾಗ "ನೋಡಿ ಅಂಕಲ್" ಎಂದು ಗಟ್ಟಿಯಾಗಿ ಹೇಳಿಬಿಟ್ಟು, ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದ್ದುಂಟು. ದೊಡ್ಡ ಕ್ಯಾಮೆರಾ ಕಂಡವರು ತಮ್ಮ ಫೋನು ಕೊಟ್ಟು, ಸಂಸಾರದ ಫೋಟೋ ತೆಗೆದುಕೊಡಿ ಎನ್ನುತ್ತಾರೆ. ತೆಗೆದುಕೊಡುತ್ತೇನೆ. ಅವರು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ದಿನಕ್ಕೆ ನಾನು ಆಡುವ ಮಾತು ಅಷ್ಟೇ. ಈಗ ನಾನೂ ಹೆಚ್ಚು ಫೋಟೋ ತೆಗೆಯುವುದಿಲ್ಲ. ಮೂರಕ್ಕೆ ನಿಲ್ಲಿಸಲು ಬರುವುದಿಲ್ಲ, ಹತ್ತಕ್ಕೆ ನಿಲ್ಲಿಸುತ್ತೇನೆ.

ಎರಡು ವರ್ಷದ ಮೇಲೆ, ಒಂದು ನವೆಂಬರ್ ಬೆಳಿಗ್ಗೆ, ಅದೇ ಜಾಗದಲ್ಲಿ ಕೂತಿದ್ದಾಗ ತಡೆಯಲಾಗದೆ ಫೋನ್ ಮಾಡಿದೆ.

"ಅಂಕಲ್, ನಾನು."

"ಗೊತ್ತಾತು, ಹೇಳಪಾ. ಗಾಳಿ ಸಪ್ಪಳ ಕೇಳಾಕತ್ತೈತಿ. ಅಲ್ಲೇ ಇದ್ದಿ ಏನು?"

"ಅಲ್ಲೇ ಇದೀನಿ. ಕಂಬ ಈಗ ನಾಲ್ಕೇ ಉಳಿದಿವೆ."

"ಹೂಂ."

"ಆ ಕ್ಯಾಲೆಂಡರ್ ಫೋಟೋ ನಿಮ್ದು, ಅಂಕಲ್. ನನ್ನ ಹೆಸರು ಹಾಕ್ಕೊಂಬಿಟ್ಟೆ. ತಪ್ಪಾಯ್ತು. ಸಂಘದವ್ರಿಗೂ ಹೇಳ್ತೀನಿ, ಎಲ್ರಿಗೂ ಹೇಳ್ತೀನಿ."

ಆ ಕಡೆ ಕುಕ್ಕರ್ ಒಂದು ಸೀಟಿ ಹಾಕಿತು.

"ಹೆಸರಿನ ಸಿಟ್ಟ ಎಂಟ ದಿನ ಇತ್ತು, ಹೋತು. ಒತ್ತಿದಾಂವ ನೀನ, ಹಾಕ್ಕೊಂಡಿ. ಆದ್ರ ಮೈಕ್ ಹಿಡ್ಕೊಂಡು ಒಬ್ಬನ ಕುಂತಿದ್ದೆ ಅಂದಿ ನೋಡು. ಅವತ್ತ ನಾ ಕಾರಿಗೆ ಯಾಕ ಹೋಗಿದ್ದೆ, ನೆನಪ ಐತೇನು?"

ನೆನಪಿತ್ತು. ಇಷ್ಟು ವರ್ಷ ಆ ಒಂದು ತುಣುಕನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ಚಹಾ ಇಲ್ಲದೆ ತಲೆ ಸಿಡಿಯುತ್ತಿದೆ, ಸಾಕು ಈ ಹಕ್ಕಿಗಳ ಸಹವಾಸ ಎಂದು ನಾನು ಸಿಡುಕಿದ್ದೆ. ಅದಕ್ಕೇ ಅವರು ಎದ್ದದ್ದು. ದಿಬ್ಬ ಇಳಿದು ಬರುವಾಗ ಮರಳು ಬೀಳದಂತೆ ಸ್ಟೀಲ್ ಲೋಟದ ಮೇಲೆ ಅಂಗೈ ಮುಚ್ಚಿಕೊಂಡಿದ್ದರು.

"ಚಹಾ ತರೋಕೆ" ಎಂದೆ.

"ಯಾರಿಗೆ?"

ನಾನು ಕಂಬಗಳ ಕಡೆ ನೋಡಿದೆ.

"ಆರಾಮ ಇರು, ತಮ್ಮಾ. ಗಾಳ್ಯಾಗ ಭಾಳ ಹೊತ್ತ ಕೂಡಬ್ಯಾಡ" ಎಂದು ಅಂಕಲ್ ಫೋನ್ ಇಟ್ಟರು.

ಸ್ವಲ್ಪ ಹೊತ್ತಿಗೆ ಹೆಜ್ಜಾರ್ಲೆಗಳು ಬಂದವು, ಒಂಬತ್ತು ಇದ್ದವು. ಫೋಟೋ ತೆಗೆದೆ. ಚೆನ್ನಾಗಿಯೇ ಬಂದಿದೆ. ಇದು ಮಾತ್ರ ನನ್ನದೇ, ಒಬ್ಬನೇ ಕೂತು ತೆಗೆದದ್ದು.