ರಾಟೆಯ ಸದ್ದು ನಿಂತ ಮಧ್ಯಾಹ್ನ

ನಾನು ಚಿಕ್ಕವನಿದ್ದಾಗ ಒಂದು ಮಧ್ಯಾಹ್ನ ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆಯ ಎಡಬದಿಗೆ ಬಾವಿ ಇತ್ತು. ಅಂಗಳಕ್ಕೂ ಬಾವಿಗೂ ನಡುವೆ ಕೆಂಪು ಹೂವಿನ ಒಂದು ಕೇಪಳದ ಗಿಡ. ಆ ಗಿಡದ ಈಚೆಗೆ, ಬಾವಿಯ ಕಡೆ ಮುಖ ಮಾಡಿ ನಾನು ನಿಂತಿದ್ದೆ. ಮೇ ತಿಂಗಳು. ಸೂರ್ಯ ನೆತ್ತಿಯ ಮೇಲಿದ್ದ. ಅಪ್ಪ ಹತ್ತಿದ ಪುತ್ತೂರಿನ ಬಸ್ಸು ಗುಡ್ಡದ ಕೆಳಗಿನ ತಿರುವಿನಲ್ಲಿ ಹಾರ್ನ್ ಹೊಡೆದದ್ದು ಆಗಷ್ಟೇ ಕೇಳಿಸಿತ್ತು. ಆಮೇಲೆ ನಡೆದದ್ದನ್ನು ಕಂಡಷ್ಟೇ ಹೇಳುತ್ತೇನೆ. ಕಾಣದ್ದನ್ನು ಸೇರಿಸುವುದಿಲ್ಲ.

ಕಡಬದಿಂದ ಒಳಗೆ, ಗೇರುಮರಗಳ ಒಂದು ಗುಡ್ಡದ ಮೇಲೆ ನಮ್ಮ ಮನೆ. ನೆಲವೆಲ್ಲ ಕೆಂಪು ಮುರಕಲ್ಲು. ಬಾವಿಯನ್ನೂ ಆ ಕಲ್ಲನ್ನೇ ಕೊರೆದು ತೋಡಿದ್ದರು. ಬೇಸಿಗೆಯಲ್ಲಿ ನೀರು ಎಷ್ಟು ಕೆಳಗೆ ಇಳಿಯುತ್ತಿತ್ತೆಂದರೆ, ಬಗ್ಗಿ ಕೂಗಿದರೆ ನಮ್ಮ ಸ್ವರ ಬೇರೆ ಯಾರದ್ದೋ ಸ್ವರವಾಗಿ ಮೇಲೆ ಬರುತ್ತಿತ್ತು. ಬಾವಿಕಟ್ಟೆ ಬಹಳ ಗಿಡ್ಡ. ದೊಡ್ಡವರ ತೊಡೆಯವರೆಗೂ ಬರುತ್ತಿರಲಿಲ್ಲ. ಅದರ ಮೇಲೆ ಎರಡು ಕಂಬ, ಅಡ್ಡಕ್ಕೆ ಒಂದು ಮರ, ಅದಕ್ಕೆ ತೂಗುಹಾಕಿದ ಹಳೆಯ ಕಬ್ಬಿಣದ ರಾಟೆ.

ಅಜ್ಜಿ, ಅಂದರೆ ಅಪ್ಪನ ಅಮ್ಮ, ಬೆಳಿಗ್ಗೆ ಸ್ನಾನ ಮಾಡಿದ ಮೇಲೆ ಒದ್ದೆ ಸೀರೆಯಲ್ಲೇ ಬಾವಿಯಿಂದ ನೀರೆಳೆದು, ಆ ನೀರಿನಲ್ಲೇ ತನ್ನ ಅಡುಗೆ ಮಾಡಿಕೊಳ್ಳುತ್ತಿದ್ದಳು. ಅದಕ್ಕೆ ಮಡಿ ಎನ್ನುತ್ತಿದ್ದರು. ಮಡಿಯಲ್ಲಿದ್ದಷ್ಟು ಹೊತ್ತು ಅವಳನ್ನು ಯಾರೂ ಮುಟ್ಟುವಂತಿಲ್ಲ. ಅವಳ ಹಗ್ಗವನ್ನಾಗಲಿ ಕೊಡಪಾನವನ್ನಾಗಲಿ ಮುಟ್ಟುವಂತಿಲ್ಲ. ಮುಟ್ಟಿದರೆ ಅವಳು ಪುನಃ ಸ್ನಾನ ಮಾಡಬೇಕು, ಅಡುಗೆ ಪುನಃ ಆಗಬೇಕು. ಮಧ್ಯಾಹ್ನ ಅವಳ ಊಟ ಮುಗಿಯುವವರೆಗೆ ನಾವು ಮಕ್ಕಳು ಕೇಪಳದ ಗಿಡ ದಾಟುವಂತಿರಲಿಲ್ಲ. ಎಲ್ಲ ಮನೆಗಳಲ್ಲಿ ಹೀಗಿತ್ತು ಎಂದು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಇತ್ತು.

ಆ ರಾಟೆಗೆ ಎಷ್ಟು ಎಣ್ಣೆ ಹಾಕಿದರೂ ಕಿರುಗುಡುವುದು ನಿಲ್ಲುತ್ತಿರಲಿಲ್ಲ. ನಾವೆಲ್ಲ ಚಾಪೆಯಲ್ಲಿ ಮಲಗಿದ್ದಾಗಲೇ ಅದು ಶುರುವಾಗುತ್ತಿತ್ತು. ಅಜ್ಜಿಯ ಎಳೆತಕ್ಕೆ ಅದರದ್ದೇ ಒಂದು ಲಯ ಇತ್ತು. ಅಮ್ಮ ಎಳೆದರೆ ಬೇರೆ, ಅಕ್ಕ ಎಳೆದರೆ ಬೇರೆ. ಸದ್ದು ಕೇಳಿಯೇ ಯಾರೆಂದು ಹೇಳಬಹುದಿತ್ತು. ಆ ಬೇಸಿಗೆಯಲ್ಲಿ ಅಜ್ಜಿಯ ಸದ್ದು ನಡುನಡುವೆ ನಿಲ್ಲಲು ಶುರುವಾಗಿತ್ತು. ನಿಂತಾಗ ಮನೆಯೊಳಗೆ ಮಾತೂ ನಿಲ್ಲುತ್ತಿತ್ತು. ಅಪ್ಪ ಕೈಯಲ್ಲಿದ್ದ ಲೋಟವನ್ನು ಬಾಯಿಗೆ ತರದೆ ಕಾಯುತ್ತಿದ್ದರು. ಪುನಃ ಕಿರ್ರ್ ಎಂದ ಮೇಲೆ ಕಾಫಿ ಕುಡಿಯುತ್ತಿದ್ದರು. 

ಅಪ್ಪ ಶಾಲೆಯ ಮಾಸ್ಟ್ರು. ಆಗ ಅವರಿಗೆ ಪುತ್ತೂರಿನಲ್ಲಿ ಮಾಸ್ಟ್ರುಗಳ ತರಬೇತಿ ಇತ್ತು. ಕೆಲವು ದಿನ ರಾತ್ರಿಯೂ ಅಲ್ಲೇ ಉಳಿಯಬೇಕು. ಅಮ್ಮ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮನೆಯಲ್ಲಿ ಉಳಿಯುವವರು ಅಜ್ಜಿ, ಏಳನೇ ಕ್ಲಾಸು ಮುಗಿಸಿದ್ದ ಅಕ್ಕ, ಮತ್ತು ನಾನು. ನಮ್ಮ ಊಟವನ್ನು ಅಕ್ಕ ಬೇಯಿಸಬಲ್ಲಳು. ಆದರೆ ಅಜ್ಜಿ ತನ್ನ ನೀರನ್ನು ತಾನೇ ಎಳೆದುಕೊಳ್ಳಬಲ್ಲಳೇ? ಆಗದಿದ್ದರೆ ಅವಳನ್ನು ಸಂಪಾಜೆಯ ದೊಡ್ಡಪ್ಪನ ಮನೆಗೆ ಬಿಟ್ಟು ಬರುವುದು ಎಂದು ಅಪ್ಪ ಯೋಚಿಸಿದ್ದರು.

ಅಜ್ಜಿ ಒಪ್ಪಲಿಲ್ಲ. “ಅಲ್ಲಿ ಪಂಪಿನ ನೀರು ಮಾರಾಯ. ಅದರ ಹೊಟ್ಟೆಯೊಳಗೆ ಚರ್ಮದ ವಾಶರ್ ಉಂಟು. ಆ ನೀರಲ್ಲಿ ಬೇಯಿಸಿದ್ದು ನನ್ನ ಗಂಟಲಲ್ಲಿ ಇಳಿಯುದಿಲ್ಲ” ಎಂದಳು.

ಅದು ಬರೀ ಹಟದ ಮಾತಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಹಿಂದೊಮ್ಮೆ ಸಂಪಾಜೆಗೆ ಹೋದವಳು ಎಳನೀರು, ಬಾಳೆಹಣ್ಣಿನಲ್ಲೇ ದಿನ ಕಳೆದು, ಬರುವಾಗ ಮೆಟ್ಟಿಲು ಹತ್ತಲಾರದೆ ಅಂಗಳದಲ್ಲೇ ಕೂತುಬಿಟ್ಟಿದ್ದಳು. ಈ ಸಲ ಹೋದರೆ ವಾಪಸು ಬರುವುದೇ ಇಲ್ಲ ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು.

“ಹಾಗಾದ್ರೆ ನಾಳೆ ಬೆಳಿಗ್ಗೆ ನನ್ನೆದುರು ನೀರು ಎಳೆ. ನೋಡುವ” ಎಂದರು ಅಪ್ಪ.

“ಪರೀಕ್ಷೆಯಾ? ಎಷ್ಟು ಮಾರ್ಕಿಗೆ?”

“ಪಾಸಾದ್ರೆ ಸಾಕು.”

“ಫೇಲಾದ್ರೆ ಬೆತ್ತವೂ ಉಂಟಾ ಮಾಸ್ಟ್ರೇ?” ಎಂದಳು ಅಜ್ಜಿ. ಅಕ್ಕ ನಕ್ಕಳು. ಅಪ್ಪ ನಗಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿ ಕೂತರು. ಅಲ್ಲಿಂದ ಅವರಿಗೆ ಅಜ್ಜಿಯ ಬೆನ್ನು ಕಾಣುತ್ತಿತ್ತು, ರಾಟೆ ಕಾಣುತ್ತಿತ್ತು. ನಾನು ಕೇಪಳದ ಗಿಡದ ಪಕ್ಕದಲ್ಲಿದ್ದೆ. ನನಗೆ ಕಾಣುತ್ತಿದ್ದದ್ದು ಅವಳ ಒಂದು ಪಕ್ಕೆ ಮತ್ತು ಕೈಗಳು. ಗಾಳಿ ಇನ್ನೂ ತಂಪಾಗಿತ್ತು. ಕೊಳೆತ ಗೇರುಹಣ್ಣಿನ ಹುಳಿವಾಸನೆ ಗುಡ್ಡದಿಂದ ಇಳಿದು ಬರುತ್ತಿತ್ತು. ಅಜ್ಜಿ ಕೊಡಪಾನ ಇಳಿಸಿದಳು. ನೀರು ತುಂಬಿದ ಮೇಲೆ ಎಲ್ಲೂ ನಿಲ್ಲಿಸದೆ ಎಳೆದಳು. ರಾಟೆ ಹಿಂದಿನ ವರ್ಷದ ಹಾಗೆ ಕಿರುಗುಟ್ಟಿತು. ಕೊಡಪಾನ ಕಟ್ಟೆಗೆ ತಾಗಿ ಠಣ್ ಎಂದಿತು. ಅಪ್ಪ ತೊಡೆ ತಟ್ಟಿ, “ಪಾಸು! ಅಮ್ಮ, ಫಸ್ಟ್ ಕ್ಲಾಸ್!” ಎಂದು ಎದ್ದು ಒಳಗೆ ಹೋದರು. ಅವರು ನೋಡಲು ಕೂತದ್ದು ಕೊಡಪಾನ ಮೇಲೆ ಬರುತ್ತದೋ ಇಲ್ಲವೋ ಎಂದು. ಅದು ಬಂದಿತ್ತು.

ನನಗೆ ಕಂಡದ್ದು ಇಷ್ಟು. ಅಜ್ಜಿ ಮೊದಲಿನ ಹಾಗೆ ಒಂದು ಕೈಯ ಮುಂದೆ ಇನ್ನೊಂದು ಕೈ ಹಾಕಿ ಎಳೆಯುತ್ತಿರಲಿಲ್ಲ. ಬೆರಳಲ್ಲಿ ಬಿಗಿ ಸಾಲದ್ದಕ್ಕೆ ಹಗ್ಗವನ್ನು ಬಲ ಅಂಗೈಗೆ ಸುತ್ತಿಕೊಂಡು ಎಳೆಯುತ್ತಿದ್ದಳು. ಕೊಡಪಾನವನ್ನು ಕಟ್ಟೆಯ ಮೇಲಿಟ್ಟ ನಂತರವೂ ಅವಳ ಬೆರಳುಗಳು ಬಿಚ್ಚಲಿಲ್ಲ. ಎಡಗೈಯಿಂದ ಒಂದೊಂದನ್ನೇ ಎತ್ತಿ ಬಿಡಿಸಿದಳು. ಆಮೇಲೆ ತಲೆ ತಿರುಗಿಸಿ ನನ್ನನ್ನು ನೋಡಿದಳು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, “ಎಂತ ನೋಡುದು? ಹೋಗಿ ಹಲ್ಲುಜ್ಜು” ಎಂದಳು. ನಾನು ಹೋದೆ. ಕಂಡದ್ದು ಏನೆಂದು ನನಗೆ ತಿಳಿದಿರಲಿಲ್ಲ.

ಅಪ್ಪ ಮಧ್ಯಾಹ್ನದ ಬಸ್ಸಿಗೆ ಹೊರಟರು. ಹೋಗುವಾಗ ಅಕ್ಕನಿಗೆ, “ಅಜ್ಜಿಗೆ ಎಂತಾದ್ರೂ ಬೇಕಾದ್ರೆ ನೋಡಿಕೊ” ಎಂದರು. ಮುಟ್ಟದೆ ಹೇಗೆ ನೋಡಿಕೊಳ್ಳುವುದು ಎಂದು ಅವರು ಹೇಳಲಿಲ್ಲ, ಅಕ್ಕ ಕೇಳಲೂ ಇಲ್ಲ.

ಅಜ್ಜಿಯ ಅಡುಗೆ ಆಗಿತ್ತು. ಊಟಕ್ಕೆ ಕೂರುವ ಮೊದಲು ಕುಡಿಯುವ ನೀರಿಗೆಂದು ಇನ್ನೊಂದು ಕೊಡಪಾನ ಎಳೆಯಲು ಬಂದಳು. ನೆಲ ಕಾದು ಬರಿಗಾಲು ಇಡಲಾಗುತ್ತಿರಲಿಲ್ಲ. ಅಕ್ಕ ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕಿ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು. ಬಸ್ಸಿನ ಹಾರ್ನ್ ಕೇಳಿತು. ಆಮೇಲೆ ಕಾಗೆಗಳೂ ಸುಮ್ಮನಾದವು.

ಹಗ್ಗ ಇಳಿಯುವ ಸದ್ದು ತುಂಬ ಹೊತ್ತು ಬಂತು. ಕೊಡಪಾನ ಮುಳುಗಿತು. ಎಳೆತ ಶುರುವಾಯಿತು. ಅದು ಬೆಳಗಿನ ಸದ್ದಾಗಿರಲಿಲ್ಲ. ಒಮ್ಮೆ ಕಿರ್ರ್ ಎಂದರೆ ಮತ್ತೆ ಎಷ್ಟೋ ಹೊತ್ತಿನ ಮೇಲೆ ಇನ್ನೊಮ್ಮೆ. ಬೆಳಿಗ್ಗೆ ಅಪ್ಪನೆದುರು ಇದ್ದಬದ್ದ ಬಲವನ್ನೆಲ್ಲ ಅವಳು ಖರ್ಚು ಮಾಡಿಬಿಟ್ಟಿದ್ದಳು. ಅಕ್ಕ ಎತ್ತಿದ ಕೋಲನ್ನು ಇಳಿಸದೆ ಹಾಗೇ ನಿಂತಳು. ಅವಳೂ ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

ರಾಟೆ ನಿಂತಿತು.

ಕೊಡಪಾನ ಕಟ್ಟೆಗೆ ತಾಗಿದ ಸದ್ದು ಬರಲಿಲ್ಲ. ಜಾರಿ ನೀರಿಗೆ ಬಿದ್ದ ಸದ್ದೂ ಬರಲಿಲ್ಲ. ನಾನು ನೋಡಿದೆ. ಅಜ್ಜಿಯ ಬಲಗೈ ರಾಟೆಯ ಕಡೆಗೆ, ಬಾವಿಯ ಬಾಯಿಯ ಮೇಲೆ ನೆಟ್ಟಗೆ ಚಾಚಿತ್ತು. ಹಗ್ಗ ಅಂಗೈಗೆ ಸುತ್ತಿತ್ತು. ತುಂಬಿದ ಕೊಡಪಾನ ಆಳದಲ್ಲಿ ಎಲ್ಲೋ ತೂಗುತ್ತ ಆ ಕೈಯನ್ನು ಎಳೆಯುತ್ತಿತ್ತು. ಎಡಗೈ ಕಟ್ಟೆಯ ಕಲ್ಲನ್ನು ಹಿಡಿದಿತ್ತು. ಸೀರೆಯ ಅಂಚಿನ ಕೆಳಗೆ ಅವಳ ಎರಡೂ ಹಿಮ್ಮಡಿಗಳು ನೆಲ ಬಿಟ್ಟಿದ್ದವು. ಅವಳು ಕೂಗಲಿಲ್ಲ. ಬಾಯಿ ತೆರೆದಿತ್ತು, ಸ್ವರ ಇರಲಿಲ್ಲ.

ಹಪ್ಪಳಗಳ ಮೇಲೆಯೇ ಕಾಲಿಟ್ಟು ಅಕ್ಕ ಓಡಿದಳು. ಕೇಪಳದ ಗಿಡ ದಾಟಿದಳು. ಹಿಂದಿನಿಂದ ಅಜ್ಜಿಯ ಸೊಂಟವನ್ನು ತಬ್ಬಿ ಹಿಡಿದಳು.

“ಮುಟ್ಟಬೇಡ!” ಎಂದಳು ಅಜ್ಜಿ. ಅಷ್ಟು ಹೊತ್ತು ಬಾರದಿದ್ದ ಸ್ವರ ಆಗ ಬಂತು.

“ಹಗ್ಗ ಬಿಡು ಅಜ್ಜಿ!”

“ಬಿಡ್ಲಿಕ್ಕೆ ಆಗುದಿಲ್ಲ ಮಗಾ.”

ಆ ಮಾತನ್ನು ನಾನು ಇವತ್ತಿಗೂ ಕೇಳುತ್ತೇನೆ. ಅಕ್ಕ ಅವಳನ್ನು ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಬಂದಳು. ರಾಟೆ ಕಿರ್ರ್ ಎಂದಿತು. ಇನ್ನೊಂದು ಹೆಜ್ಜೆ. “ಏ, ನಿಂತುಕೊಂಡು ಎಂತ ಮಾಡ್ತಿ? ಬಾ, ಬಿಡಿಸು!” ಎಂದು ನನ್ನ ಮೇಲೆ ಕಿರುಚಿದಳು. ನಾನು ಗಿಡ ದಾಟಿದೆ. ಅಕ್ಕ ಒಂದು ಕೈಯಲ್ಲಿ ಹಗ್ಗವನ್ನು ಬಿಗಿಹಿಡಿದಾಗ ಸುತ್ತು ಸ್ವಲ್ಪ ಸಡಿಲವಾಯಿತು. ಗೇರುಹಣ್ಣಿನ ಅಂಟು ಹತ್ತಿದ್ದ ಕೈಯಲ್ಲಿ ನಾನು ಅದನ್ನು ಬಿಡಿಸಿದೆ. ಅಕ್ಕ ಹಗ್ಗ ಬಿಟ್ಟಳು. ಅದು ನಮ್ಮ ಮುಖದ ಮುಂದೆಯೇ ಹಾದು ಓಡಿತು. ತುಂಬ ಕೆಳಗೆ, ಕೊಡಪಾನ ನೀರಿಗೆ ಬಿದ್ದ ಸದ್ದು ಬಂತು. ಕಂಬಕ್ಕೆ ಕಟ್ಟಿದ್ದ ಹಗ್ಗದ ತುದಿ ಮಾತ್ರ ಮೇಲೆ ಉಳಿಯಿತು.

ಅಜ್ಜಿ ಕಾದ ನೆಲದ ಮೇಲೆಯೇ ಕೂತಳು. ಅಂಗೈಯಲ್ಲಿ ಹಗ್ಗದ ಹೆಣಿಗೆ ಅಚ್ಚೊತ್ತಿದ ಹಾಗೆ ಕೆಂಪಗೆ ಮೂಡಿತ್ತು. ಅಕ್ಕ ಅಳಲು ಶುರುಮಾಡಿದಳು. ಮುಟ್ಟಬಾರದ ಹೊತ್ತಿನಲ್ಲಿ ಮುಟ್ಟಿದ್ದಕ್ಕೋ, ಅಜ್ಜಿಯ ಹೆಗಲ ಮೇಲಿಂದ ಬಾವಿಯ ಆಳ ಕಂಡದ್ದಕ್ಕೋ, ಅವಳಿಗೂ ಗೊತ್ತಿರಲಿಲ್ಲ.

ಅಜ್ಜಿ ಬಾವಿಯ ಕಡೆ ನೋಡಿದಳು. ಆಮೇಲೆ, “ಮುಟ್ಟಿ ಆಯ್ತಲ್ಲ. ನಾನಿನ್ನು ಪುನಃ ಮೀಯಬೇಕು” ಎಂದಳು.

ಅಕ್ಕನ ಅಳು ಜೋರಾಯಿತು.

“ಅಳುದೆಂತಕ್ಕೆ? ನಾನು ಮೀಯುದು ಎಂತದ್ರಲ್ಲಿ? ನೀರು ಎಳೆ” ಎಂದಳು ಅಜ್ಜಿ. ಕೆಂಪಾದ ಅಂಗೈ ನೋಡಿಕೊಂಡು, “ಮತ್ತೆ ನೀನೂ ಮೀ. ಒದ್ದೆ ಬಟ್ಟೆಯಲ್ಲೇ ಬಾ. ಅಡಿಗೆಗೆ ನೀರು ಬೇಕಲ್ಲ” ಎಂದಳು.

ಅಕ್ಕ ಎಳೆದಳು. ಅಜ್ಜಿ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತ ಕೂತಿದ್ದಳು. ಅಂದಿನಿಂದ ಅಕ್ಕ ಬೆಳಿಗ್ಗೆ ಮೊದಲು ಮಿಂದು ಮಡಿಯಲ್ಲಿ ನೀರೆಳೆಯುವುದು, ಅಜ್ಜಿ ಅದನ್ನು ಚಿಕ್ಕ ಚೆಂಬಿನಲ್ಲಿ ಮೊಗೆದು ಒಳಗೆ ಒಯ್ಯುವುದು ಎಂದಾಯಿತು. ಬೇಯಿಸುವುದು, ಬಡಿಸಿಕೊಳ್ಳುವುದು ಅಜ್ಜಿಯೇ. ಸಂಪಾಜೆಗೆ ಅವಳು ಹೋಗಲಿಲ್ಲ.

ತರಬೇತಿ ಮುಗಿಸಿ ಅಪ್ಪ ಗುಡ್ಡ ಹತ್ತಿ ಬರುವಾಗ ರಾಟೆ ಅಕ್ಕನ ಲಯದಲ್ಲಿ ಕಿರುಗುಡುತ್ತಿತ್ತು. ಗೇರುಮರಗಳ ನಡುವೆ ಅವರು ನಿಂತು ಕೇಳುತ್ತಿದ್ದದ್ದು ನನಗೆ ಅಂಗಳದಿಂದ ಕಂಡಿತು. ಅಂಗಳಕ್ಕೆ ಬಂದವರು ಚೀಲ ಇಳಿಸದೆ ಅಜ್ಜಿಯ ಕೈ ನೋಡಿದರು. “ಎಂತ ಆಯ್ತು ಅಮ್ಮ?” ಎಂದರು.

“ಎಂತ ಇಲ್ಲ. ನಾನು ಪಾಸಾದವಳಲ್ವಾ?” ಎಂದಳು ಅಜ್ಜಿ.

ಅಪ್ಪ ಆ ವಾರವೇ ಕಲ್ಲು ಕಟ್ಟುವವರನ್ನು ಕರೆಸಿ ಬಾವಿಕಟ್ಟೆಯನ್ನು ಅಜ್ಜಿಯ ಎದೆಯ ಮಟ್ಟಕ್ಕೆ ಎತ್ತರಿಸಿದರು. ಯಾಕೆಂದು ಕೇಳಿದವರಿಗೆ ಮಕ್ಕಳಿದ್ದಾರೆ ಎಂದರು.

ಈಗ ನಿಮ್ಮ ಕಾಲದ ಮಾತು, ಮೊಮ್ಮಕ್ಕಳೇ. ಮೊನ್ನೆ ಆರೋಗ್ಯ ಕೇಂದ್ರದಿಂದ ಒಬ್ಬಳು ಹುಡುಗಿ ನನ್ನನ್ನು ನೋಡಲು ಬಂದಿದ್ದಳಲ್ಲ. ಒಬ್ಬರೇ ಸ್ನಾನ ಮಾಡ್ತೀರಾ, ಅಂಗಿಯ ಗುಂಡಿ ಹಾಕ್ಲಿಕ್ಕೆ ಆಗ್ತದಾ, ಮೆಟ್ಟಿಲು ಹತ್ತುದು ಹೇಗೆ ಎಂದು ಕೇಳಿದಳು. ಕುರ್ಚಿಯಿಂದ ಎದ್ದು, ಬಾಗಿಲವರೆಗೆ ನಡೆದು, ವಾಪಸು ಬಂದು ಕೂರಿ ಎಂದಳು. ನೀವು ಫೋನಿನಲ್ಲಿ ಸಮಯ ನೋಡಿದಿರಿ. ನಾನು ಕುರ್ಚಿಯ ಕೈ ಹಿಡಿಯದೆ ಎದ್ದೆ. ನೀವು ಚಪ್ಪಾಳೆ ಹೊಡೆದು, “ಅಜ್ಜ ಪಾಸ್!” ಎಂದಿರಿ. ಬಾತ್‌ರೂಮಿನ ಗೋಡೆಗೆ ಒಂದು ಹಿಡಿ ಹಾಕಿಸುವುದು ಒಳ್ಳೆಯದು ಎಂದು ಅವಳು ಹೇಳಿದಾಗ ನಾನು ಬೇಡ ಎಂದೆ.

ದಿನಾ ನಾನು ಹಾಗೆ ಏಳುವುದಿಲ್ಲ. ಆ ಸಂಜೆ ಬಾತ್‌ರೂಮಿನಲ್ಲಿ ನಲ್ಲಿಯನ್ನು ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದೆ. ಹಿಡಿದ ಬೆರಳು ಬಿಚ್ಚಲು ತಡವಾಯಿತು. ಹೊರಗೆ ನೀವು ನಗುತ್ತಿದ್ದಿರಿ. ನಮ್ಮ ಮನೆಯ ನಲ್ಲಿ ಒಳ್ಳೆಯದು. ತಿರುಗಿಸಿದರೆ ನೀರು ಬರುತ್ತದೆ, ಯಾರೂ ಯಾರಿಗೂ ಮುಟ್ಟಬೇಡ ಎನ್ನುವುದಿಲ್ಲ. ಆದರೆ ಅದು ಕಿರುಗುಡುವುದಿಲ್ಲ. ಒಳಗೆ ನನ್ನ ಕೈ ನಿಂತರೆ ನಿಮಗೆ ಗೊತ್ತಾಗುವುದಿಲ್ಲ. ಅದಕ್ಕೇ ಇದನ್ನೆಲ್ಲ ಬರೆದೆ. ಆ ಹಿಡಿಯನ್ನು ಹಾಕಿಸಲು ನಿಮ್ಮ ಅಪ್ಪನಿಗೆ ಹೇಳಿ. ಬಾತ್‌ರೂಮಿನ ಚಿಲಕವನ್ನು ನಾನಿನ್ನು ಹಾಕುವುದಿಲ್ಲ.

ಅಂದು ಬಾವಿಯ ಹತ್ತಿರ ಇದ್ದವರಲ್ಲಿ ಈಗ ಬದುಕಿರುವವರು ಇಬ್ಬರು. ಇಲ್ಲಿ ನಾನು, ಗುತ್ತಿಗಾರಿನಲ್ಲಿ ಅಕ್ಕ. ನಾನು ಹೇಳಿದ್ದರಲ್ಲಿ ಅನುಮಾನ ಇದ್ದರೆ ಅವಳಿಗೆ ಫೋನ್ ಮಾಡಿ ಕೇಳಿ. ಅವಳು ಉತ್ತರ ಹೇಳುವ ಮೊದಲು ನಿಮ್ಮನ್ನೇ ಕೇಳುತ್ತಾಳೆ, “ನಿಮ್ಮ ಅಜ್ಜ ಈಗ ಏಳುದು ಹೇಗೆ, ಕೈ ಊರಿಯಾ, ಊರದೆಯಾ?” ಎಂದು. ಪ್ರತಿ ಸಲವೂ ಕೇಳುತ್ತಾಳೆ. ನನ್ನ ಮುಖ ನೋಡಬೇಡಿ. ನೀವು ಕಂಡದ್ದನ್ನು ಹೇಳಿ.