ಉಸ್ತಾ ಬಯ್ಯೂಮಿ ಸಾಯಗೊಡದ ಜಿನ್ನಿ

ಅಲೆಕ್ಸಾಂಡ್ರಿಯಾದ ಅನ್ಫೂಶಿ ಕೇರಿಯಲ್ಲಿ ಬುಧವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಯಿತೆಂದರೆ ಜನ ತಾವು 'ಉಸ್ತಾ', ಅಂದರೆ ಕಸುಬಿನ ಗುರು, ಎಂದು ಕರೆಯುವ ಬಯ್ಯೂಮಿಯ ಕ್ಷೌರದಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ಕೈಚಳಕಕ್ಕೆ ಮರುಳಾಗಿ ಅಲ್ಲ. ಕೈಚಳಕದ ಮಾತನ್ನು ಅವನ ಹೆಂಡತಿ ದವ್ಲತ್ ಕೂಡ ಎತ್ತುತ್ತಿರಲಿಲ್ಲ. ಬುಧವಾರ ಅವನು ಪುಸ್ತಕವನ್ನು ಕನ್ನಡಿಗೆ ಒರಗಿಸಿಟ್ಟು, ಗಡ್ಡ ಹೆರೆಯುತ್ತಾ ಕತೆ ಓದುತ್ತಿದ್ದ.

ಕತೆ ಒಂದೇ: 'ಉಪ್ಪಿನ ಕೋಟೆ'. ಬರೆದವಳು ತಾಂತಾ ಊರಿನ ಮಾಹಿತಾಬ್. ಮೊದಲ ಭಾಗ ಬರೆದಾಗ ಅವಳಿಗೆ ಹತ್ತೊಂಬತ್ತು ವರ್ಷ. ಆ ವಯಸ್ಸಿನ ಬರವಣಿಗೆ ಹೇಗಿರಬೇಕೋ ಹಾಗೇ ಇತ್ತು. ಪುಟಕ್ಕೆ ಮೂರು ಸಲ ಕತ್ತಿ ಥಳಥಳಿಸುತ್ತಿತ್ತು. ರಾಜಕುಮಾರಿಯ ಕಣ್ಣಿಗೆ ಹೋಲಿಸಿ ಹೋಲಿಸಿ ಆಕಾಶದಲ್ಲಿ ನಕ್ಷತ್ರವೇ ಉಳಿದಿರಲಿಲ್ಲ. ಬಯ್ಯೂಮಿ ಓದುತ್ತಲೇ ಹೆಚ್ಚಾದದ್ದನ್ನು ಕತ್ತರಿಸುತ್ತಿದ್ದ, ಬೋಳಾದ ಕಡೆ ತನ್ನವೇ ನಾಲ್ಕು ಮಾತು ಅಂಟಿಸುತ್ತಿದ್ದ. ಕ್ಷೌರಿಕನಿಗಿಂತ ಒಳ್ಳೆಯ ಸಂಪಾದಕ ಭೂಮಿಯ ಮೇಲಿಲ್ಲ ಎಂಬುದು ಅವನ ನಂಬಿಕೆ.

ಕತೆಯಲ್ಲಿ ಎಲ್ಲರಿಗೂ ಅಚ್ಚುಮೆಚ್ಚಾದವನು ಶಲ್ಬಾಯ. ಜಿನ್ನಿ, ಕೆಲಸ ದೋಣಿ ನಡೆಸುವುದು, ಆದರೆ ಅಲೆ ಕಂಡರೆ ವಾಂತಿ. ಅವನು ಬಂದಾಗಲೆಲ್ಲ ರಯ್ಯಿಸ್ ಖಮೀಸ್ ಕುರ್ಚಿಯಲ್ಲಿ ಕುಲುಕಿ ಕುಲುಕಿ ನಗುತ್ತಿದ್ದ. ಐವತ್ತು ವರ್ಷ ಕಡಲಿನಲ್ಲಿ ದೋಣಿ ನಡೆಸಿ ರಯ್ಯಿಸ್, ಅಂದರೆ ದೋಣಿಯ ಯಜಮಾನ, ಎನಿಸಿಕೊಂಡ, ಅಕ್ಷರ ಬಾರದ ಮುದುಕ. ಬುಧವಾರದ ಮೊದಲ ಗಡ್ಡ ಅವನದೇ.

ಎರಡನೆಯ ಭಾಗ ಬಂದ ಚಳಿಗಾಲದಲ್ಲಿ ಬಿರುಗಾಳಿ ರಯ್ಯಿಸ್‌ನ ದೋಣಿಯನ್ನು ಬಂಡೆಗೆ ಅಪ್ಪಳಿಸಿ ಸೌದೆ ಮಾಡಿಬಿಟ್ಟಿತು. ತಿಂಗಳುಗಟ್ಟಲೆ ಅವನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಒಂದು ಬುಧವಾರ, ಶಲ್ಬಾಯ ಸುಲ್ತಾನನ ಪಾದರಕ್ಷೆಯ ಮೇಲೆಯೇ ವಾಂತಿ ಮಾಡಿದಾಗ, ಮುಖದ ತುಂಬಾ ಸಾಬೂನಿನ ನೊರೆ ಹೊತ್ತು ಮುದುಕ ನಕ್ಕ. ಬಯ್ಯೂಮಿ ಖುಷಿಯಿಂದ ಪುಟ ತಿರುವಿದ. ಅಲ್ಲಿ ಮೂರೇ ಸಾಲಿನಲ್ಲಿ ಎಲ್ಲಿಂದಲೋ ಒಂದು ಭರ್ಜಿ ಬಂದು ಶಲ್ಬಾಯನ ಎದೆಗೆ ನಾಟಿ, ಅವನು ಸತ್ತುಹೋಗಿದ್ದ. ಬಯ್ಯೂಮಿ ನೊರೆಯ ಮುಖವನ್ನೊಮ್ಮೆ ನೋಡಿದ. ಆ ಮೂರು ಸಾಲು ಓದದೆ ಇನ್ನೊಂದು ಪುಟ ಮಗುಚಿದ.

ಅಂದಿನಿಂದ ಶಲ್ಬಾಯನನ್ನು ಸಾಕುವ ಹೊರೆ ಅವನ ಹೆಗಲಿಗೆ ಬಿತ್ತು. ಮೂರನೆಯ ಭಾಗ ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾಯುತ್ತಾ ಹನ್ನೆರಡು ವರ್ಷ, ಅದೇ ಎರಡು ಪುಸ್ತಕಗಳನ್ನು ಓದಿ ಓದಿ, ಆ ಜಿನ್ನಿಗೆ ಹೊಸ ಹೊಸ ಕಿತಾಪತಿ ಹುಟ್ಟಿಸಿದ.

ಕೊನೆಗೂ ಬಂತು, ಒಂಬೈನೂರ ಹನ್ನೆರಡು ಪುಟ. ಸೋಮವಾರ ಕ್ಷೌರಿಕರ ರಜೆ; ಬೆಳಿಗ್ಗೆ ಬೇಯಿಸಿದ ಅವರೆಯ ತಟ್ಟೆ ಮುಂದಿಟ್ಟುಕೊಂಡು ಓದಲು ಕೂತ ಬಯ್ಯೂಮಿ ತಟ್ಟೆಯನ್ನು ಮುಟ್ಟಲಿಲ್ಲ. ಮೊದಲ ಸಾಲೇ ಎದೆಗೆ ಒದೆಯಿತು: ಶಲ್ಬಾಯ ಸತ್ತು ಹನ್ನೆರಡು ವರ್ಷವಾಗಿತ್ತು. ಅವನ ಹೆಂಡತಿ ನದಿಯ ದಡದಲ್ಲಿ ಗಂಡನ ಅಂಗಿ ಒಗೆಯುತ್ತಾಳೆ. ಹಿಂಡಿದರೆ ಹೆಗಲಿನ ಆಕಾರ ಹೋದೀತೆಂದು ಹಿಂಡದೆ ಒಣಹಾಕುತ್ತಾಳೆ. ಎಲ್ಲಿಯೂ ಕತ್ತಿ ಥಳಥಳಿಸಲಿಲ್ಲ. ನಕ್ಷತ್ರಗಳು ತಮ್ಮ ಪಾಡಿಗೆ ಮೇಲಿದ್ದವು. ಕತ್ತರಿ ಹಿಡಿದು ಹುಡುಕಿದರೂ ಕತ್ತರಿಸಲು ಒಂದು ಎಳೆ ಸಿಗಲಿಲ್ಲ. ಬಯ್ಯೂಮಿ ಅತ್ತ, ನಕ್ಕ, ಸಂಜೆಯವರೆಗೆ ಎದ್ದೇಳಲಿಲ್ಲ. ಇಂಥ ಸುಖವನ್ನು ಯಾವ ಪುಸ್ತಕವೂ ಅವನಿಗೆ ಕೊಟ್ಟಿರಲಿಲ್ಲ. ಆಮೇಲೆ ಸಿಟ್ಟು ಬಂತು. ಬರೆದ ಹುಡುಗಿ ತನಗೊಂದು ಮಾತೂ ಹೇಳದೆ ಬೆಳೆದುಬಿಟ್ಟಿದ್ದಳು. ಪುಸ್ತಕವಿಡೀ ಆ ಸಾವಿನ ಮೇಲೆ ನಿಂತಿತ್ತು. ರಯ್ಯಿಸ್‌ಗೆ ಏನೆಂದು ಹೇಳುವುದು?

ಇನ್ನೊಂದು ಸಲ ಬದುಕಿಸಿಬಿಡಿ, ಜಿನ್ನಿ ತಾನೇ, ಎಂದಳು ದವ್ಲತ್.

ಮೊದಲ ಬುಧವಾರ ಅವನು ಶಲ್ಬಾಯನನ್ನು ತಂಗಿಯ ಮದುವೆಗೆ ಕಳುಹಿಸಿದ. ಜಿನ್ನಿಯ ಹೆಂಡತಿ ಕಣ್ಣೊರೆಸಿಕೊಳ್ಳುವ ಕಡೆಯೆಲ್ಲ ಅವಳಿಗೆ ನೆಗಡಿ ಎಂದ. ಎರಡನೆಯ ಬುಧವಾರವೂ ನೆಗಡಿ ವಾಸಿಯಾಗಲಿಲ್ಲ. ಮೂರನೆಯ ವಾರ ಅವಳಿಗೆ ಒಬ್ಬ ಉಪ್ಪಿನ ವ್ಯಾಪಾರಿ ಮದುವೆಯ ಪ್ರಸ್ತಾಪ ಕಳುಹಿಸಿದ. ಅದನ್ನು ಬಿಟ್ಟರೆ ಮುಂದಿನ ಇನ್ನೂರು ಪುಟ ಕುಸಿಯುತ್ತಿದ್ದವು. ಬಯ್ಯೂಮಿ ಓದಿದ. ರಯ್ಯಿಸ್ ಕೈಯೆತ್ತಿ ಕ್ಷೌರದ ಕತ್ತಿಯನ್ನು ತಡೆದ.

"ಗಂಡ ತಂಗಿ ಮದ್ವೇಲಿ ಉಣ್ತಾ ಕೂತವ್ನೆ, ಇಲ್ಲಿ ಹೆಂಡ್ತಿಗೆ ಗಂಡು ನೋಡ್ತಾವ್ರೆ. ಏನ್ ಉಸ್ತಾ, ಇದು ಪುಸ್ತಕದಲ್ಲಿದ್ಯಾ, ನಿನ್ನ ಹೊಟ್ಟೇಲಿದ್ಯಾ?"

ಬಯ್ಯೂಮಿ ಕತ್ತಿಯನ್ನು ಬಟ್ಟೆಗೆ ಒರೆಸಿದ, ಮತ್ತೆ ಒರೆಸಿದ.

"ಅವನು ಸತ್ತ, ರಯ್ಯಿಸ್."

"ಯಾವಾಗ? ಮದುವೇಲಾ?"

"ಎರಡನೇ ಭಾಗದಲ್ಲಿ. ಹನ್ನೆರಡು ವರ್ಷ ಆಯ್ತು."

ಪಕ್ಕದ ಕಾಫಿ ಅಂಗಡಿಯ ಸಫ್ವತ್ ಮೆಲ್ಲಗೆ ಕೇಳಿದ, "ಹಂಗಾದ್ರೆ ಸುಲ್ತಾನನ ಅಡುಗೆಮನೇಲಿ ಬಾತುಕೋಳಿ ಕದ್ದಿದ್ದು?"

"ಅದು ನಂದು."

"ಅತ್ತೆ ಜೊತೆ ಜಗಳ ಆಡಿದ್ದು?"

"ಅದು ನಮ್ಮತ್ತೇದು."

ಯಾರೂ ನಗಲಿಲ್ಲ. ಅವನು ಸತ್ತ ಜಾಗ ಓದು ಎಂದ ರಯ್ಯಿಸ್. ಬಯ್ಯೂಮಿ ಹಳೆಯ ಪುಸ್ತಕ ತೆಗೆದು ಆ ಮೂರು ಸಾಲು ಓದಿದ. ಇಷ್ಟೇನಾ ಎಂದು ಕೇಳಿದ ರಯ್ಯಿಸ್, ಹೊಸ ಪುಸ್ತಕವನ್ನೂ ಮೊದಲಿನಿಂದ, ಬರೆದ ಹಾಗೇ ಓದಿಸಿದ. ಅರ್ಧ ಮುಖದ ಮೇಲೆ ನೊರೆ ಒಣಗಿ ಬಿರುಕುಬಿಟ್ಟಿತು. ಅಂಗಿಯನ್ನು ಹಿಂಡದೆ ಒಣಹಾಕುವ ಸಾಲು ಬಂದಾಗ ಅವನು ಅದನ್ನು ಎರಡು ಸಲ ಓದಿಸಿದ.

"ಆ ಹುಡುಗಿ ಸಣ್ಣೋಳಿದ್ದಾಗ ತಿಳೀದೆ ಕೊಂದ್ಲು," ಎಂದ ಕೊನೆಗೆ. "ದೊಡ್ಡೋಳಾದ್ಮೇಲೆ ವಾಪಸ್ ಬಂದು ಮಣ್ಣು ಮಾಡವ್ಳೆ. ನೀನು ಹನ್ನೆರಡು ವರ್ಷ ಹೆಣಾನ ಕುಣಿಸ್ದೆ, ನಾನು ಚಪ್ಪಾಳೆ ತಟ್ದೆ."

"ನಿನ್ನ ದೋಣಿ ಹೋಗಿತ್ತು, ರಯ್ಯಿಸ್. ಅವತ್ತು ನೀನು ನಗ್ತಿದ್ದೆ."

"ದೋಣಿ ಹೋಗಿದ್ದು ನಂಗೆ ಗೊತ್ತಿತ್ತು. ಅದು ತಂಗಿ ಮದುವೆಗೆ ಹೋಗೈತೆ ಅಂತ ಯಾರೂ ಹೇಳ್ಲಿಲ್ಲ."

ಮುದುಕ ಕೊರಳಿನ ಬಟ್ಟೆ ಬಿಚ್ಚಿ ತಾನೇ ಮುಖ ಒರೆಸಿಕೊಂಡು, ಅರ್ಧ ಗಡ್ಡದಲ್ಲೇ ಇಳಿದುಹೋದ.

ಬಯ್ಯೂಮಿಗೆ ಆ ವಾರವೆಲ್ಲ ಊಟ ಸೇರಲಿಲ್ಲ. ಕೊಂದವಳಿಗೆ ಮೆಚ್ಚುಗೆ, ಸಾಕಿದವನಿಗೆ ಬೈಗುಳ! ಮೂರು ಸಾಲು ಬರೆದು ಕೈತೊಳೆದುಕೊಂಡವಳು ಅವಳು. ಹನ್ನೆರಡು ವರ್ಷ ಒದ್ದಾಡಿದವನು ತಾನು. ಸಮಾಧಾನ ಹೇಳಲು ಬಂದ ಸಫ್ವತ್ ಗಾಯಕ್ಕೆ ಇನ್ನಷ್ಟು ಉಪ್ಪು ಸವರಿದ: "ಬೇಜಾರು ಮಾಡ್ಕೋಬೇಡ ಉಸ್ತಾ, ನಿನ್ನ ಬಾತುಕೋಳಿಗಿಂತ ಅವಳ ಅಂಗೀನೇ ಚೆನ್ನಾಗಿದೆ."

ಮುಂದಿನ ಬುಧವಾರ ರಯ್ಯಿಸ್ ಬಂದ. ಬಯ್ಯೂಮಿ ದಡಬಡನೆ ಕುರ್ಚಿ ಒರೆಸಿದ. ಮುದುಕ ಕುರ್ಚಿಯತ್ತ ನೋಡದೆ ಹೋಗಿ ಬೆಂಚಿನ ಮೇಲೆ ಕೂತ. ಗಲ್ಲ ಆಗಲೇ ನುಣ್ಣಗಿತ್ತು. ಎದುರು ಸಾಲಿನ ಕ್ಷೌರಿಕ ಹನಫಿಯ ಅಂಗಡಿಯ ಅಗ್ಗದ ಅತ್ತರು ಘಮ್ಮೆನ್ನುತ್ತಿತ್ತು.

"ಓದು," ಎಂದ. "ಏನೂ ಬಿಡಬೇಡ."

ಈಗಲೂ ಅದೇ ಪದ್ಧತಿ. ಪುಸ್ತಕ ಐನೂರನೆಯ ಪುಟ ದಾಟಿದೆ. ರಯ್ಯಿಸ್ ಒಂದು ಬುಧವಾರವನ್ನೂ ತಪ್ಪಿಸಿಲ್ಲ, ಗಡ್ಡವನ್ನು ಮಾತ್ರ ಹನಫಿಯ ಹತ್ತಿರವೇ ಮಾಡಿಸಿಕೊಂಡು ಬರುತ್ತಾನೆ. ಒಂದೊಂದು ವಾರ ಅವನ ಕಿವಿಯ ಹಿಂದೆ ಹನಫಿ ಎಳೆದ ಗೀರೊಂದು ಕೆಂಪಗೆ ಕಾಣುತ್ತದೆ. ಬಯ್ಯೂಮಿ ಅದನ್ನು ನೋಡುತ್ತಾನೆ, ಬಾಯಿಗೆ ಬಂದದ್ದನ್ನು ನುಂಗುತ್ತಾನೆ, ಮಾಹಿತಾಬ್ ಬರೆದದ್ದನ್ನು ಬರೆದ ಹಾಗೇ ಓದುತ್ತಾನೆ.