ಕಿವಿ ಮೇಸ್ತ್ರಿಗೆ ಕೇಳಿಸದ ಸದ್ದು

ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದುದರಿಂದ ಅವನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು ಬಿದ್ದಿತ್ತು. ಮನೆಯ ಮುಂಭಾಗದಲ್ಲೇ ಗ್ಯಾರೇಜು. ಪಕ್ಕದ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಅವನ ಬಳಿಗೆ ಬರುತ್ತಿದ್ದವು ಹೆಚ್ಚಾಗಿ ಹಳೆಯ ಕಾರುಗಳು. ಹಿಂಬದಿಯಲ್ಲಿ ಎಂಜಿನ್ ಇದ್ದು, ನೀರಿಲ್ಲದೆ ಬರೀ ಗಾಳಿಯಿಂದ ತಣಿಯುವಂಥವು.

ಅಂಥದ್ದೇ ಒಂದು ಕಾರು ಅವನ ಭಾಮೈದನದು. ಬೇಕರಿ ನಡೆಸುತ್ತಿದ್ದ ಇವನಿಗೆ ಗುಡ್ಡ ಹತ್ತುವ ರೇಸಿನ ಹುಚ್ಚು. ಸಿಲಿಂಡರ್ ದೊಡ್ಡದು ಮಾಡಿಸಿ, ಎರಡು ಕಾರ್ಬ್ಯುರೇಟರ್ ಕೂರಿಸಿದ್ದೂ ಸಾಲದೆ, "ಭಾವ, ಟರ್ಬೊ ಹಾಕಿ" ಎಂದು ಗಂಟುಬಿದ್ದ.

"ಹೊಗೆಯ ರಭಸದಲ್ಲಿ ಚಕ್ರ ತಿರುಗಿಸಿ ಎಂಜಿನ್ ಬಾಯಿಗೆ ಗಾಳಿ ತುರುಕೋ ಕೆಲಸ ಅದು. ಬಿಸಿ ಜಾಸ್ತಿಯಾದ್ರೆ ಪೆಟ್ರೋಲು ತಾನಾಗೇ ಸಿಡಿಯುತ್ತೆ. ಆಮೇಲೆ ಪಿಸ್ಟನ್ ತೂತು."

"ಸಿಡಿದ್ರೆ ನಿಮ್ಮ ಕಿವಿಗೆ ಗೊತ್ತಾಗಲ್ವಾ?"

ಮೇಸ್ತ್ರಿ ಬಗ್ಗಿ ಸ್ಪ್ಯಾನರ್ ಹುಡುಕತೊಡಗಿದ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

ಹೆಂಡತಿಗೆ ಅನುಮಾನ ಹುಟ್ಟಿ ಬಹಳ ಕಾಲವಾಗಿತ್ತು. ಕುಕ್ಕರ್ ಸೀಟಿ ಹೊಡೆಯುತ್ತಿದ್ದರೂ ಅವನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿರುತ್ತಿದ್ದ. ಮಾತು ಕೇಳಿಸುತ್ತಿತ್ತು, ಚೂಪು ಸದ್ದುಗಳು ಮಾತ್ರ ಇಲ್ಲ. ಕೇಳಿದರೆ, "ಏನೋ ಯೋಚನೆಯಲ್ಲಿದ್ದೆ" ಎಂಬ ಹಾರಿಕೆ.

ಟರ್ಬೊ ಕೂತಿತು. ಗುಡ್ಡದ ರಸ್ತೆಯಲ್ಲಿ ಪರೀಕ್ಷಿಸಲು ಹೊರಟ ಬೆಳಿಗ್ಗೆ ಅವಳೂ ಚಪ್ಪಲಿ ಮೆಟ್ಟಿ ನಿಂತಳು.

"ನಿನಗೇನೇ ಕೆಲಸ ಅಲ್ಲಿ?"

"ನನ್ನ ತಮ್ಮನ ಕಾರು, ನಾನು ಬರಬಾರದಾ?" ಎಂದವಳೇ ಹಿಂದಿನ ಸೀಟಿಗೆ ಹತ್ತಿ ಕೂತಳು. ಎಂಜಿನ್ ಅವಳ ಬೆನ್ನಿಗೇ ಆತುಕೊಂಡಿತ್ತು.

ಏರು ಶುರುವಾಯಿತು. ಭಾಮೈದ ಆಕ್ಸಿಲರೇಟರ್ ಒತ್ತಿದ. ಯಾರೋ ಹಿಂದಿನಿಂದ ದಬ್ಬಿದಂತೆ ಕಾರು ಮುಂದಕ್ಕೆ ಚಿಮ್ಮಿತು. "ಅಬ್ಬಾ, ಭಾವ!" ಎಂದು ಅವನು ನಕ್ಕ. ಮೇಸ್ತ್ರಿಯ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲಿತ್ತು. ಅದು ಕೆಂಪಿನ ಕಡೆಗೆ ಜರುಗುತ್ತಿತ್ತು.

ಅಷ್ಟರಲ್ಲಿ ಅವಳಿಗೆ ಡಬ್ಬಿಯಲ್ಲಿ ಕಾಳು ಕುಲುಕಿದಂಥ ಸದ್ದು ಕೇಳಿಸಿತು. ಸಣ್ಣದು, ಗಟ್ಟಿಯದು.

"ಏನೋ ಚಟಚಟ ಅಂತಿದೆಯಲ್ಲ?"

"ನನಗೆ ಗಾಳಿ ಸದ್ದೇ ಕೇಳೋದು," ಎಂದ ತಮ್ಮ. "ಭಾವ?"

ಮೇಸ್ತ್ರಿ ತುಟಿ ಒದ್ದೆ ಮಾಡಿಕೊಂಡ. "ಏನಿಲ್ಲ. ಹೊಡಿ."

ಹಿಂದೆ ಬಂದ ಲಾರಿ ಹಾರ್ನ್ ಬಾರಿಸಿತು. ಭಾಮೈದ ಇನ್ನಷ್ಟು ಒತ್ತಿದ. ಕಾಳಿನ ಸದ್ದು ಈಗ ಕಲ್ಲಿನ ಸದ್ದಾಯಿತು. ಅವಳು ಗಂಡನ ಮುಖ ನೋಡಿದಳು. ಅಲ್ಲಿ ಒಂದಿಷ್ಟೂ ಗಾಬರಿಯಿಲ್ಲ. ಅದನ್ನು ಕಂಡವಳೇ ಮುಂದಕ್ಕೆ ಬಾಗಿ ತಮ್ಮನ ಭುಜ ಹಿಡಿದಳು.

"ಅವರಿಗೆ ಕೇಳ್ಸಲ್ಲ ಕಣೋ! ಕಾಲು ತೆಗಿ!"

ತಮ್ಮ ಕಾಲೆತ್ತಿದ. ಲಾರಿ ಬೈಯುತ್ತ ಪಕ್ಕದಲ್ಲೇ ಹಾದುಹೋಯಿತು. ಕಾರು ರಸ್ತೆಯಂಚಿಗೆ ಬಂದು ನಿಂತಿತು.

ಎಂಜಿನ್ ಆರಿದ ಮೇಲೆ ಮೇಸ್ತ್ರಿ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದ. ಬಿಳಿ ಪಿಂಗಾಣಿಯ ಮೇಲೆ ಸೂಜಿಮೊನೆಯಷ್ಟು ಬೆಳ್ಳಿ ಚುಕ್ಕೆಗಳು. ಪಿಸ್ಟನ್ ಕರಗತೊಡಗಿತ್ತು.

"ಯಾವಾಗಿಂದ ಕೇಳ್ಸಲ್ಲ ಭಾವ?" ಭಾಮೈದ ಅವನತ್ತ ತಿರುಗಿದ. "ಅಕ್ಕನೂ ಕೂತಿದ್ಲಲ್ಲ ಒಳಗೆ!"

"ಗೊತ್ತಿಲ್ಲಪ್ಪ. ಸ್ವಲ್ಪ ಸ್ವಲ್ಪವಾಗೇ ಹೋಯ್ತು." ಅವನು ಪ್ಲಗ್ಗನ್ನು ಜೇಬಿಗಿಳಿಸಿದ. "ಕಿವಿ ಇಲ್ಲದ ಕಿವಿ ಮೇಸ್ತ್ರಿ ಹತ್ರ ಯಾರು ಬರ್ತಾರೆ?"

ಮನೆಗೆ ಬಂದ ಮೇಲೆ ಹೆಂಡತಿಯ ಜೊತೆ ಮಾತು ಬಿಟ್ಟ. ಅವಳೂ ಬಗ್ಗಲಿಲ್ಲ. "ತಮ್ಮನ ಮುಂದೆ ಮಾನ ಹೋಯ್ತು ಅಂತಾನಾ? ಜೀವ ಉಳೀತಲ್ಲ, ಅದು ಲೆಕ್ಕಕ್ಕಿಲ್ವಾ?" ಎಂದು ತಟ್ಟೆ ಕುಕ್ಕಿದಳು.

ಅವನು ಪಿಸ್ಟನ್ ಬದಲಿಸಿದ, ಟರ್ಬೊ ತುರುಕುವ ಗಾಳಿಯನ್ನು ತಗ್ಗಿಸಿದ. ಆಮೇಲೆ ಒಂದು ತಾಮ್ರದ ಕೊಳವೆಯ ತುದಿ ಚಪ್ಪಟೆ ಮಾಡಿ ಎಂಜಿನ್ನಿಗೆ ಬಿಗಿದ. ಇನ್ನೊಂದು ತುದಿಗೆ ರಬ್ಬರ್ ನಳಿಕೆ ಸಿಕ್ಕಿಸಿ, ಅದನ್ನು ಹಿಂದಿನ ಸೀಟಿನವರೆಗೆ ಎಳೆದು, ಹೊಲಿಗೆ ಕೋಣೆಯ ಬಾಗಿಲಿಗೆ ಬಂದು ನಿಂತ.

"ಕಾರಲ್ಲಿ ಒಂದು ನಳಿಕೆ ಇಟ್ಟಿದೀನಿ. ಕಿವಿಗಿಟ್ಕೊಂಡ್ರೆ ಆ ಚಟಚಟ ನಿನಗೆ ಮೊದಲೇ ಗೊತ್ತಾಗುತ್ತೆ. ಬರ್ತೀಯಾ?"

ಅವಳು ದಾರ ಕತ್ತರಿಸಿ ಎದ್ದಳು.

ಅದೇ ಏರು. ಹಿಂದಿನ ಸೀಟಿನಿಂದ ಅವಳ ಕೈ ಮೇಲೆದ್ದಾಗಲೆಲ್ಲ ಭಾಮೈದ ಕಾರು ನಿಲ್ಲಿಸುತ್ತಿದ್ದ, ಮೇಸ್ತ್ರಿ ಇಳಿದು ಕಿಡಿ ಹಾರುವ ಸಮಯವನ್ನು ಕೂದಲೆಳೆಯಷ್ಟು ತಡಮಾಡುತ್ತಿದ್ದ. ಕೊನೆಗೊಮ್ಮೆ ಗುಡ್ಡದ ತುದಿ ಬಂದರೂ ಕೈ ಏಳಲಿಲ್ಲ.

ಇಳಿದ ಮೇಲೆ ಅವನು ಹೆಂಡತಿಯ ಹತ್ತಿರ ಬಂದ. "ಟರ್ಬೊ ಸೀಟಿ ಹೊಡೆಯುತ್ತೆ ಅಂತಾರೆ. ಹೊಡೀತಾ?"

"ಹೊಡೀತು ರೀ. ಚೆನ್ನಾಗಿತ್ತು," ಎಂದಳು ಅವಳು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ.